ಕೇಬಲ್ ಕಿತ್ತವರು ಯಾರು? ಡಿಮೆಸ್ಗ್ ಓದಿ ಹುಡುಕೋಣ

ಮಾರ್ಚ್‌ನ ಒಂದು ಭಾನುವಾರ ಬೆಳಿಗ್ಗೆ ಓನರ್ ಅಂಕಲ್ ನಮ್ಮ ಬಾಗಿಲು ಬಡಿದರು. ನಾವು ಮೂವರು ಅಲ್ಲಾಳಸಂದ್ರದಲ್ಲಿ ಒಂದು ಗ್ರೌಂಡ್ ಫ್ಲೋರ್ ಮನೆಯಲ್ಲಿದ್ದೇವೆ. ಮೇಲೆ ಇನ್ನೂ ಐದು ಮನೆ ಇವೆ. "ಏನ್ರಪ್ಪಾ, ನಿಮ್ಮ ಕಂಪ್ಯೂಟ್ರು ಸಂಪಲ್ಲಿ 62 ಪರ್ಸೆಂಟ್ ನೀರಿದೆ ಅಂತಿದೆ. ಮೋಟ್ರು ಅರ್ಧ ಗಂಟೆಯಿಂದ ಓಡ್ತಿದೆ, ಮೇಲೆ ಒಂದು ತೊಟ್ಟೂ ಹೋಗ್ತಿಲ್ಲ" ಅಂದರು. ಹೋಗಿ ಸಂಪಿನ ಮುಚ್ಚಳ ಎತ್ತಿದರೆ ತಳದ ಸಿಮೆಂಟ್ ಕಾಣ್ತಿತ್ತು. ಮೋಟಾರ್ ಮುಟ್ಟೋಕೆ ಆಗದಷ್ಟು ಬಿಸಿ. ಎರಡನೇ ಮಹಡಿಯಲ್ಲಿ ಮೂರು ತಿಂಗಳ ಮಗು ಇದೆ. ಟ್ಯಾಂಕರ್ ಬಂದಿದ್ದು ಹನ್ನೊಂದು ಗಂಟೆಗೆ.

ಹಿನ್ನೆಲೆ ಇಷ್ಟೇ. ನಮ್ಮ ಬೀದಿಯಿಂದ ನಾಲ್ಕು ಹೆಜ್ಜೆ ನಡೆದರೆ ಅಲ್ಲಾಳಸಂದ್ರ ಕೆರೆ ಸಿಗುತ್ತೆ, ಆದರೂ ಬೇಸಿಗೆ ಬಂತು ಅಂದ್ರೆ ನಮ್ಮ ಬಿಲ್ಡಿಂಗಿಗೆ ಟ್ಯಾಂಕರ್ ನೀರೇ ಗತಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಊರೆಲ್ಲ ಟ್ಯಾಂಕರ್ ಹಿಂದೆ ಓಡಿದ್ದು ಎಲ್ಲರಿಗೂ ನೆನಪಿರಬೇಕು. ಅದಕ್ಕೇ ಮಿನಿ ಪ್ರಾಜೆಕ್ಟಿಗೆ ಸಂಪಿನ ನೀರಿನ ಮಟ್ಟ ಅಳೆಯೋಣ ಅಂತ ಹೊರಟೆವು. ಸಂಪಿನ ಬಾಯಿಗೆ ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಪಕ್ಕದ ಡಬ್ಬದಲ್ಲಿ ಎಸ್.ಪಿ. ರೋಡಲ್ಲಿ ತಂದ ಆರ್ಡುಯಿನೋ ಊನೋ ಕ್ಲೋನ್, ಅಲ್ಲಿಂದ ಯುಎಸ್‌ಬಿ ಕೇಬಲ್ ಕಿಟಕಿಯ ಮೂಲಕ ನಮ್ಮ ರೂಮಿನ ಹಳೇ ಲ್ಯಾಪ್‌ಟಾಪಿಗೆ. ಲ್ಯಾಪ್‌ಟಾಪಲ್ಲಿ ಉಬುಂಟು 22.04, ಅದರ ಮೇಲೆ ನಮ್ಮ ಪೈಥಾನ್ ಪ್ರೋಗ್ರಾಂ. ಅದು ಒಂದು ಚಿಕ್ಕ ವೆಬ್ ಪೇಜಲ್ಲಿ ಪರ್ಸೆಂಟ್ ತೋರಿಸುತ್ತೆ. ಅಂಕಲ್ ಒಂದು ತಿಂಗಳು ನೋಡಿ ನಂಬಿದರು. ಮುಚ್ಚಳ ಎತ್ತಿ ಇಣುಕೋದನ್ನ ನಿಲ್ಲಿಸಿಬಿಟ್ಟರು. ಎಡವಟ್ಟಾಗಿದ್ದು ಅಲ್ಲೇ.

ಆವತ್ತು ನಾವು ಮಾಡಿದ ಮೊದಲ ಕೆಲಸ ಸರಿಯಾಗಿತ್ತು: ಯಾವುದನ್ನೂ ಮುಟ್ಟದೆ ಕರ್ನಲ್ ಲಾಗ್ ತೆಗೆದೆವು. ಲಿನಕ್ಸಲ್ಲಿ ಅದಕ್ಕೆ ಡಿಮೆಸ್ಗ್ ಅನ್ನೋ ಕಮ್ಯಾಂಡ್ ಇದೆ. ಉಬುಂಟುವಲ್ಲಿ ಮುಂದೆ ಸುಡೋ ಹಾಕಬೇಕು. ಹೈಫನ್ ಮತ್ತು ದೊಡ್ಡ ಟಿ ಹಾಕಿದರೆ ಗಡಿಯಾರದ ಸಮಯ ಬರುತ್ತೆ, ಹೈಫನ್ ಮತ್ತು ಚಿಕ್ಕ ಡಬ್ಲ್ಯು ಹಾಕಿದರೆ ಹೊಸ ಸಾಲು ಬಂದ ಹಾಗೆ ತೋರಿಸ್ತಾ ಇರುತ್ತೆ. ಶುಕ್ರವಾರ ಸಂಜೆ 6:41ಕ್ಕೆ ಮೂರು ಸಾಲು ಸಿಕ್ಕವು. ಕನ್ನಡದಲ್ಲಿ ಬರೆದರೆ ಹೀಗೆ:

ಯುಎಸ್‌ಬಿ 1-2: ಯುಎಸ್‌ಬಿ ಡಿಸ್‌ಕನೆಕ್ಟ್, ಡಿವೈಸ್ ನಂಬರ್ 7
ಸಿಎಚ್341-ಯುಆರ್ಟ್ ಟಿಟಿವೈಯುಎಸ್‌ಬಿ0: ಕನ್ವರ್ಟರ್ ನೌ ಡಿಸ್‌ಕನೆಕ್ಟೆಡ್
ಸಿಎಚ್341 1-2:1.0: ಡಿವೈಸ್ ಡಿಸ್‌ಕನೆಕ್ಟೆಡ್

ಒಂದು ನಿಮಿಷದ ನಂತರ ಅದೇ 1-2ರಲ್ಲಿ ಹೊಸ ಡಿವೈಸ್, ನಂಬರ್ 8, ಈ ಸಲ ಟಿಟಿವೈಯುಎಸ್‌ಬಿ1 ಅನ್ನೋ ಹೆಸರಲ್ಲಿ. ಅಂದ್ರೆ ಯಾರೋ ಕಿತ್ತರು, ಮತ್ತೆ ಹಾಕಿದರು. ಯಾರು ಅಂತ ಕೇಳಿದಾಗ ಓನರ್ ಆಂಟಿ ನಕ್ಕರು. ಅಂಗಳ ತೊಳೆಯೋವಾಗ ಕೇಬಲಿನ ಜಾಯಿಂಟ್ ನೆನೆಯುತ್ತೆ ಅಂತ ಬಿಚ್ಚಿ, ತೊಳೆದಾದ ಮೇಲೆ ಒರೆಸಿ ಮತ್ತೆ ಸಿಕ್ಕಿಸಿದ್ದರಂತೆ. ನಮಗಿಂತ ಜಾಗ್ರತೆ ಅವರಿಗೇ ಇತ್ತು.

ಹಾಗಾದ್ರೆ ತಪ್ಪು ಯಾರದು? ಅದು ಗೊತ್ತಾಗಬೇಕಾದರೆ ಪ್ಲಗ್ ಕಿತ್ತಾಗ ಒಳಗೆ ಏನಾಗುತ್ತೆ ಅಂತ ತಿಳಿಯಬೇಕು.

ಯುಎಸ್‌ಬಿ 2.0 ಕೇಬಲಲ್ಲಿ ನಾಲ್ಕು ವೈರ್ ಇರ್ತವೆ: 5 ವೋಲ್ಟ್, ಗ್ರೌಂಡ್, ಡಿ ಪ್ಲಸ್, ಡಿ ಮೈನಸ್. ಕಂಪ್ಯೂಟರ್ ಕಡೆ ಎರಡೂ ಡೇಟಾ ವೈರನ್ನ 15 ಕಿಲೋ ಓಮ್ ರೆಸಿಸ್ಟರ್‌ಗಳು ಗ್ರೌಂಡಿಗೆ ಎಳೀತಿರ್ತವೆ. ಡಿವೈಸ್ ಕಡೆ 1.5 ಕಿಲೋ ಓಮ್ ರೆಸಿಸ್ಟರ್ ಒಂದು ವೈರನ್ನ ಮೇಲಕ್ಕೆ ಎಳೆಯುತ್ತೆ. ನಮ್ಮ ಬೋರ್ಡಿನ ಸಿಎಚ್340 ಚಿಪ್ 12 ಮೆಗಾಬಿಟ್ ವೇಗದ್ದು, ಹಾಗಾಗಿ ಡಿ ಪ್ಲಸ್. 1.5 ಗೆಲ್ಲುತ್ತೆ, ವೈರ್ ಮೇಲಿರುತ್ತೆ, "ಯಾರೋ ಇದ್ದಾರೆ" ಅಂತ ಹಬ್ಬಿಗೆ ಗೊತ್ತಾಗುತ್ತೆ. ಪ್ಲಗ್ ಕಿತ್ತ ತಕ್ಷಣ ಎರಡೂ ವೈರ್ ಕೆಳಗೆ ಬೀಳ್ತವೆ. ಪ್ರತಿ ಪ್ಯಾಕೆಟ್ಟಿನ ಕೊನೆಯಲ್ಲೂ ಎರಡೂ ಕೆಳಗೆ ಬೀಳ್ತವೆ, ಆದರೆ ಅದು ಎರಡು ಬಿಟ್ ಹೊತ್ತು, ಸುಮಾರು 0.17 ಮೈಕ್ರೋಸೆಕೆಂಡ್. 2.5 ಮೈಕ್ರೋಸೆಕೆಂಡ್ ದಾಟಿಯೂ ಕೆಳಗೇ ಇದ್ದರೆ ಹಬ್ ಅದನ್ನ ಡಿಸ್‌ಕನೆಕ್ಟ್ ಅಂತ ತಗೊಳ್ಳುತ್ತೆ. ಇಷ್ಟೇ. ಯಾವ ಸಾಫ್ಟ್‌ವೇರೂ ಇಲ್ಲ, ಬೀಇಇ ಲ್ಯಾಬಿನ ವೋಲ್ಟೇಜ್ ಡಿವೈಡರ್.

ಕೈಲಿರೋ ಯಾವುದಾದ್ರೂ ಯುಎಸ್‌ಬಿ-ಎ ಪ್ಲಗ್ ಒಳಗೆ ನೋಡಿ. ಹೊರಗಿನ ಎರಡು ಪಟ್ಟಿ ಉದ್ದ, ಒಳಗಿನ ಎರಡು ಗಿಡ್ಡ. ಹೊರಗಿನವು ಪವರ್ ಮತ್ತು ಗ್ರೌಂಡ್. ಹಾಕುವಾಗ ಪವರ್ ಮೊದಲು ತಗುಲಬೇಕು, ಕೀಳುವಾಗ ಡೇಟಾ ಮೊದಲು ಬಿಡಬೇಕು ಅಂತಲೇ ಹಾಗೆ ಮಾಡಿದ್ದಾರೆ. ಯುಎಸ್‌ಬಿ 1.0 ಬಂದಿದ್ದು 1996ರಲ್ಲಿ. ಮಷೀನ್ ಓಡ್ತಿರುವಾಗಲೇ ಜನ ಕೀಳ್ತಾರೆ ಅಂತ ಮೊದಲ ದಿನದಿಂದಲೇ ಲೆಕ್ಕ ಹಾಕಿದ್ದರು.

ಈಗ ಸಾಫ್ಟ್‌ವೇರ್ ಕಡೆ ಬರೋಣ. ಯುಎಸ್‌ಬಿ ಡಿವೈಸ್ ತಾನಾಗೇ ಮಾತಾಡೋದಿಲ್ಲ, ಕೇಳಿದಾಗ ಮಾತ್ರ ಉತ್ತರಿಸುತ್ತೆ. ಕೇಳೋದಕ್ಕೆ ಡ್ರೈವರ್ ಒಂದು ಚೀಟಿ ಬರೆದು ಕಳಿಸುತ್ತೆ. ಅದರ ಹೆಸರು ಯುಆರ್‌ಬಿ. ದರ್ಶಿನಿಯಲ್ಲಿ ಟೋಕನ್ ತಗೊಂಡು ಕೌಂಟರಲ್ಲಿ ಇಟ್ಟ ಹಾಗೆ. ತಿಂಡಿ ಬರಲಿ, ಬಿಡಲಿ, ಪ್ರತಿ ಟೋಕನ್ನಿಗೂ ಒಂದು ಉತ್ತರ ವಾಪಸ್ ಬಂದೇ ಬರುತ್ತೆ. ಉತ್ತರ ಮೈನಸ್ ನಂಬರಾಗಿದ್ದರೆ ಏನೋ ಎಡವಟ್ಟು.

ಕಿತ್ತ ಕ್ಷಣಕ್ಕೂ ಕರ್ನಲ್ಲಿಗೆ ಗೊತ್ತಾಗೋ ಕ್ಷಣಕ್ಕೂ ನಡುವೆ ಸ್ವಲ್ಪ ಅಂತರ ಇರುತ್ತೆ. ಹಬ್ ವೈರ್ ನೋಡಬೇಕು, ಕರ್ನಲ್ಲಿಗೆ ಹೇಳಬೇಕು, ಕರ್ನಲ್ ಡ್ರೈವರಿನ ಡಿಸ್‌ಕನೆಕ್ಟ್ ಫಂಕ್ಷನ್ ಕರೀಬೇಕು. ಅಷ್ಟರಲ್ಲಿ ದಾರಿಯಲ್ಲಿದ್ದ ಚೀಟಿಗಳು -71 ಹೊತ್ತು ವಾಪಸ್ ಬರ್ತವೆ. ಡಿವೈಸ್ ಉತ್ತರ ಕೊಡಲಿಲ್ಲ, ಅಥವಾ ಕೊಟ್ಟಿದ್ದು ಅರ್ಥ ಆಗಲಿಲ್ಲ ಅಂತ ಅದರ ಮಾತು. ಆಮೇಲಿನವು -108: ಹೋಟೆಲ್ಲೇ ಮುಚ್ಚಿದೆ. ಅದಾದ ಮೇಲೂ ಯಾರಾದರೂ ಚೀಟಿ ಕಳಿಸಲು ಹೋದರೆ -19: ಆ ವಿಳಾಸದಲ್ಲಿ ಯಾರೂ ಇಲ್ಲ. ಇನ್ನೆರಡು ನಂಬರ್ ಆಗಾಗ ಕಾಣಿಸ್ತವೆ. -32 ಅಂದ್ರೆ ಡಿವೈಸ್ ಇದೆ, ಆದರೆ ಆ ಕೌಂಟರ್ ಬಂದ್ ಮಾಡಿದೆ. -110 ಅಂದ್ರೆ ಕಾದು ಕಾದು ಟೈಮ್ ಮುಗೀತು.

ಹಾಗಾಗಿ ಒಂದು ಪ್ಲಗ್ ಕಿತ್ತಾಗ ಲಾಗಲ್ಲಿ ಹತ್ತಾರು ಕೆಂಪು ಸಾಲು ಬಂದರೆ ಹೆದರಬೇಡಿ. ಕೊನೇ ಸಾಲನ್ನ ಕಾಪಿ ಮಾಡಿ ಸೀನಿಯರಿಗೆ ಕಳಿಸೋದು ನಮ್ಮ ಹಳೇ ಚಾಳಿ. ಆದರೆ ಕೊನೇ ಸಾಲಿಗೆ ತನ್ನದೇ ಆದ ಸುದ್ದಿ ಇರೋದು ಕಡಿಮೆ. ಮೇಲಕ್ಕೆ ಹೋಗಿ, ಎಲ್ಲ ಸರಿ ಇದ್ದ ಕೊನೇ ಸಾಲಿನ ನಂತರದ ಮೊದಲ ಸಾಲು ಹಿಡೀರಿ. ನಮಗೆ ಇದು ಚೆನ್ನಾಗಿ ಮನವರಿಕೆ ಆಗಿದ್ದು, ಒಂದೇ ಬೋರ್ಡಿನಲ್ಲಿ ಮೂರು ಬೇರೆ ಬೇರೆ ಕಾರಣಕ್ಕೆ "ಡಿಸ್‌ಕನೆಕ್ಟ್" ಬಂದಾಗ.

ಮೊದಲನೇದು ಆಂಟಿ ಬಿಚ್ಚಿದ್ದು. ಅದರ ಗುರುತು ಆಗಲೇ ನೋಡಿದಿರಿ: ಮೊದಲು "ಯುಎಸ್‌ಬಿ ಡಿಸ್‌ಕನೆಕ್ಟ್, ಡಿವೈಸ್ ನಂಬರ್ ಇಷ್ಟು", ಆಮೇಲೆ ಡ್ರೈವರಿನ ಮಾತು.

ಎರಡನೇದು ಪ್ರಾಜೆಕ್ಟಿನ ಮೊದಲ ವಾರದ್ದು. ಬೋರ್ಡ್ ಸಿಕ್ಕಿಸಿದ ಒಂದೆರಡು ಸೆಕೆಂಡಿಗೆ ಪೋರ್ಟ್ ಮಾಯ. ಯಾರೂ ಮುಟ್ಟಿಲ್ಲ. ಕೇಬಲ್ ಸರಿ ಇಲ್ಲ ಅಂತ ಮೂರು ಕೇಬಲ್ ಬದಲಾಯಿಸಿದೆವು, ಬೋರ್ಡೇ ಡೂಪ್ಲಿಕೇಟು ಅಂತ ಅಂಗಡಿಯವನಿಗೆ ಬೈದೆವು. (ಕ್ಷಮಿಸಿ ಅಣ್ಣ.) ಲಾಗಲ್ಲಿ "ಕನ್ವರ್ಟರ್ ನೌ ಡಿಸ್‌ಕನೆಕ್ಟೆಡ್" ಇತ್ತು, ನಮ್ಮ ಕಣ್ಣು ಅದರ ಮೇಲೇ. ಅದರ ಹಿಂದಿನ ಸಾಲು ಓದಿದ್ದು ಎರಡು ದಿನ ಆದ ಮೇಲೆ: ಇಂಟರ್‌ಫೇಸ್ ಸೊನ್ನೆ ಸಿಎಚ್341 ಕೈಲಿರುವಾಗ "ಬಿಆರ್‌ಎಲ್‌ಟಿಟಿವೈ" ಕಾನ್ಫಿಗರೇಷನ್ ಹಾಕಲು ಬಂತು ಅಂತ. ಗಮನಿಸಿ, ಇಲ್ಲಿ "ಯುಎಸ್‌ಬಿ ಡಿಸ್‌ಕನೆಕ್ಟ್, ಡಿವೈಸ್ ನಂಬರ್" ಅನ್ನೋ ಸಾಲೇ ಇಲ್ಲ. ಎಲ್‌ಎಸ್‌ಯುಎಸ್‌ಬಿ ಹೊಡೆದರೆ ಡಿವೈಸ್ ಅಲ್ಲೇ ಕೂತಿದೆ. ಪ್ಲಗ್ ಯಾರೂ ಕಿತ್ತಿಲ್ಲ, ಡ್ರೈವರಿನ ಕೈಯಿಂದ ಡಿವೈಸನ್ನ ಇನ್ನೊಂದು ಪ್ರೋಗ್ರಾಂ ಕಿತ್ತುಕೊಂಡಿದೆ.

ಬಿಆರ್‌ಎಲ್‌ಟಿಟಿವೈ ಅಂದ್ರೆ ಅಂಧರು ಬಳಸುವ ಬ್ರೈಲ್ ಡಿಸ್‌ಪ್ಲೇಗಳನ್ನ ನಡೆಸುವ ಪ್ರೋಗ್ರಾಂ. ಒಂದು ಬ್ರೈಲ್ ಡಿಸ್‌ಪ್ಲೇಯ ಯುಎಸ್‌ಬಿ ಐಡಿಯೂ ನಮ್ಮ ಅಗ್ಗದ ಬೋರ್ಡಿನ ಐಡಿಯೂ ಒಂದೇ: 1ಎ86:7523. ಚಿಪ್ಪಿನ ಐಡಿಯನ್ನೇ ಬಿಟ್ಟು, ತಮ್ಮದೇ ಐಡಿ ಹಾಕದಿದ್ದರೆ ಹೀಗಾಗುತ್ತೆ. ಉಬುಂಟು 22.04ರಲ್ಲಿ ಆ ಐಡಿ ಕಂಡ ಕೂಡಲೇ ಬಿಆರ್‌ಎಲ್‌ಟಿಟಿವೈ ಎದ್ದು ಬಂದು ಹಿಡ್ಕೊಳ್ಳುತ್ತೆ. ಆರ್ಡುಯಿನೋ ಕ್ಲೋನ್ ಇಟ್ಟುಕೊಂಡ ಬಹಳ ಜನ ಇದರಲ್ಲಿ ಸಿಕ್ಕಿಕೊಂಡಿದ್ದಾರೆ. ಎಲ್ಲ ಕಡೆ ಸಿಗೋ ಸಲಹೆ ಒಂದೇ, ಆ ಪ್ಯಾಕೇಜ್ ತೆಗೆದುಹಾಕಿ ಅಂತ. ನಿಮ್ಮ ಸ್ವಂತ ಲ್ಯಾಪ್‌ಟಾಪಲ್ಲಿ ಧಾರಾಳವಾಗಿ ತೆಗೀರಿ. ಕಾಲೇಜಿನ ಲ್ಯಾಬ್ ಮಷೀನಲ್ಲಿ ಮಾತ್ರ ಹಾಗೆ ಮಾಡಬೇಡಿ. ಕಣ್ಣು ಕಾಣದ ಒಬ್ಬ ಜೂನಿಯರ್ ನಾಳೆ ತನ್ನ ಬ್ರೈಲ್ ಡಿಸ್‌ಪ್ಲೇ ತಂದು ಸಿಕ್ಕಿಸಿದರೆ ಅದು ಸುಮ್ಮನೆ ಕೂತಿರುತ್ತೆ, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ. ಬಿಆರ್‌ಎಲ್‌ಟಿಟಿವೈಯ ಯುಡೆವ್ ರೂಲ್ ಫೈಲಲ್ಲಿ 1ಎ86:7523 ಇರುವ ಆ ಒಂದು ಸಾಲನ್ನ ಕಾಮೆಂಟ್ ಮಾಡಿದರೆ ಸಾಕು, ಬಾಕಿ ಡಿಸ್‌ಪ್ಲೇಗಳೆಲ್ಲ ಮೊದಲಿನ ಹಾಗೇ ನಡೀತವೆ.

ಮೂರನೇದು ಮೋಟಾರಿನದು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಬೋರ್ಡ್ ಬಿದ್ದು ಏಳ್ತಿತ್ತು. ಈ ಸಲ ಮೊದಲ ಸಾಲಲ್ಲೇ ಕರ್ನಲ್ ಪ್ರಶ್ನೆ ಕೇಳಿತ್ತು: "ಡಿಸೇಬಲ್ಡ್ ಬೈ ಹಬ್ (ಇಎಮ್‌ಐ?), ರೀ-ಎನೇಬ್ಲಿಂಗ್". ಬ್ಯಾಂಕ್ ಇಎಮ್‌ಐ ಅಲ್ಲ ಬಿಡಿ, ಎಲೆಕ್ಟ್ರೋಮ್ಯಾಗ್ನೆಟಿಕ್ ಇಂಟರ್‌ಫಿಯರೆನ್ಸ್. ಆಮೇಲೆ ಡಿಸ್‌ಕನೆಕ್ಟ್, ಆಮೇಲೆ ಹೊಸ ನಂಬರ್. ಸಮಯ ನೋಡಿ ಅಂಕಲ್ ಹತ್ರ ಕೇಳಿದರೆ, ಅವರು ಮೋಟಾರ್ ಸ್ವಿಚ್ ಹಾಕೋ ಹೊತ್ತು. ನಾವು ಮಾಡಿದ ಘನಕಾರ್ಯ ಏನಂದ್ರೆ ಮೂರು ಮೀಟರ್ ಕೇಬಲಿಗೆ ಮೂರು ಮೀಟರ್ ಎಕ್ಸ್‌ಟೆನ್ಷನ್ ಸೇರಿಸಿ, ನೀಟಾಗಿ ಕಾಣಲಿ ಅಂತ ಮೋಟಾರಿನ ವೈರಿಗೇ ಟೇಪ್ ಸುತ್ತಿದ್ದೆವು. ಯುಎಸ್‌ಬಿ 2.0ರಲ್ಲಿ ಕೇಬಲಿಗೆ ಐದು ಮೀಟರ್ ಮಿತಿ, ನಾವು ಅದನ್ನೂ ದಾಟಿದ್ದೆವು. ಟೇಬಲ್ಲನ್ನ ಕಿಟಕಿ ಹತ್ತಿರ ಎಳೆದು, ಒಂದೇ ಮೂರು ಮೀಟರ್ ಕೇಬಲನ್ನ ಇನ್ನೊಂದು ಗೋಡೆ ಮೇಲೆ ತಂದ ಮೇಲೆ ಆ ಸಾಲು ಮತ್ತೆ ಬಂದಿಲ್ಲ.

ಮೂರರಲ್ಲೂ ಕೊನೇ ಸಾಲುಗಳು ಹೆಚ್ಚುಕಮ್ಮಿ ಒಂದೇ. ಮೊದಲ ಸಾಲು ಬೇರೆ ಬೇರೆ.

ಇನ್ನು "ಕಟ್ ಹಿಯರ್" ಅಂತ ಗೆರೆ ಹಾಕಿ ಶುರುವಾಗೋ, ಉದ್ದ ಫಂಕ್ಷನ್ ಪಟ್ಟಿ ಇರೋ ವಾರ್ನಿಂಗ್. ಇದು ಮೇಲಿನ ಸಾಲುಗಳ ಜಾತಿಯದಲ್ಲ. ಮೇಲಿನವು ಡಿವೈಸ್ ಹೋಯ್ತು ಅನ್ನೋ ವರದಿ. ಇದು ಕರ್ನಲ್ ಒಳಗೆ "ಹೀಗೆ ಆಗಲೇಬಾರದು" ಅಂತ ಡ್ರೈವರ್ ಬರೆಯೋರು ಇಟ್ಟ ಜಾಗಕ್ಕೆ ಕಾಲಿಟ್ಟ ಸದ್ದು. ಸಾಮಾನ್ಯವಾಗಿ ಮಷೀನ್ ನಿಲ್ಲೋದಿಲ್ಲ, ಆದರೆ ಕರ್ನಲ್ ತನ್ನ ಮೇಲೆ ಡಬ್ಲ್ಯು ಅಂತ ಒಂದು ಕಲೆ ಹಾಕ್ಕೊಂಡು ಮುಂದೆ ಹೋಗುತ್ತೆ. ಊಪ್ಸ್ ಬಂದರೆ ಅದಕ್ಕಿಂತ ಗಂಭೀರ, ಪ್ಯಾನಿಕ್ ಬಂದರೆ ಮಷೀನೇ ಮಲಗುತ್ತೆ.

ಪ್ಲಗ್ ಕಿತ್ತಾಗಲೇ ಇವು ಯಾಕೆ ಬರ್ತವೆ? ಡ್ರೈವರ್ ಒಂದು ಡಿವೈಸಿಗೆ ಅಂತ ಸ್ವಲ್ಪ ಮೆಮೊರಿ ಇಟ್ಟಿರುತ್ತೆ. ಡಿವೈಸ್ ಹೋದರೆ ಅದನ್ನ ಬಿಡಬೇಕು. ಆದರೆ ಅದೇ ಹೊತ್ತಲ್ಲಿ ನಮ್ಮ ಪೈಥಾನ್ ಪ್ರೋಗ್ರಾಂ ಆ ಫೈಲ್ ತೆರೆದು ಕೂತಿದೆ. ಪಿಜಿ ರೂಮ್ ಖಾಲಿ ಮಾಡಿಸಿ ಬೇರೆಯವರಿಗೆ ಕೊಟ್ಟಾಗಿದೆ, ಹಳಬನ ಹತ್ರ ಇನ್ನೂ ಒಂದು ಕೀ ಇದೆ, ರಾತ್ರಿ ಬಂದು ಬಾಗಿಲು ತೆಗೀತಾನೆ. ಅದಕ್ಕೇ ಡ್ರೈವರ್‌ಗಳು ಎಷ್ಟು ಕೀ ಹೊರಗಿವೆ ಅಂತ ಎಣಿಸ್ತವೆ. ಫೈಲ್ ತೆರೆದರೆ ಒಂದು ಹೆಚ್ಚು, ಮುಚ್ಚಿದರೆ ಒಂದು ಕಡಿಮೆ, ಡಿಸ್‌ಕನೆಕ್ಟ್ ಆದಾಗ ಡ್ರೈವರ್ ತನ್ನದೊಂದನ್ನ ಕೊಡುತ್ತೆ. ಸೊನ್ನೆಗೆ ಬಂದಾಗ ಮಾತ್ರ ಮೆಮೊರಿ ಬಿಡೋದು.

ಲಿನಕ್ಸ್ ಸೋರ್ಸಲ್ಲಿ ಯುಎಸ್‌ಬಿ-ಸ್ಕೆಲಿಟನ್ ಅನ್ನೋ ಮಾದರಿ ಡ್ರೈವರ್ ಇದೆ. ಓಎಸ್ ಕೋರ್ಸ್ ಮಾಡ್ತಿರೋರು ಒಂದು ಸಂಜೆ ಕೂತು ಓದಬಹುದು. ನಾವು ವರ್ಚುವಲ್ ಮಷೀನಲ್ಲಿ ಅದಕ್ಕೆ ನಮ್ಮ ಬೋರ್ಡಿನ ಐಡಿ ಕೊಟ್ಟು, ಡಿಸ್‌ಕನೆಕ್ಟ್ ಫಂಕ್ಷನ್ನಲ್ಲಿ ಬೇಕಂತಲೇ ಒಂದು ಸಲ ಹೆಚ್ಚಾಗಿ ಎಣಿಕೆ ಇಳಿಸಿದೆವು. ಕಿತ್ತ ಕೂಡಲೇ "ಕಟ್ ಹಿಯರ್", ಕೆಳಗೆ "ರೆಫ್‌ಕೌಂಟ್ ಅಂಡರ್‌ಫ್ಲೋ, ಯೂಸ್-ಆಫ್ಟರ್-ಫ್ರೀ". ಫಂಕ್ಷನ್ ಪಟ್ಟಿಯನ್ನ ಮೇಲಿಂದ ಓದ್ತಾ ಬಂದರೆ ಮೊದಲು ಸಿಗೋವು ಎಣಿಸೋ ಫಂಕ್ಷನ್‌ಗಳು, ಅವುಗಳ ಕೆಳಗೆ ನಾವು ಕೆಡಿಸಿದ ಡಿಸ್‌ಕನೆಕ್ಟ್, ಅದರ ಕೆಳಗೆ ಹಬ್ಬಿನ ಕೆಲಸ. ಎಣಿಸೋ ಫಂಕ್ಷನ್ ಮೇಲೆ ಅನುಮಾನ ಬೇಡ, ಅದು ಕಳ್ಳನನ್ನ ಹಿಡಿದ ವಾಚ್‌ಮನ್. ಅದನ್ನ ಕರೆದ ಡ್ರೈವರ್ ಫಂಕ್ಷನ್ ನೋಡಿ. ದಯವಿಟ್ಟು ಇದನ್ನ ನಿಮ್ಮ ನಿಜವಾದ ಮಷೀನಲ್ಲಿ ಮಾಡಬೇಡಿ.

ಇದು ನಮ್ಮಂಥ ಹುಡುಗರ ಎಡವಟ್ಟು ಮಾತ್ರ ಅನ್ಕೋಬೇಡಿ. 2017ರ ನವೆಂಬರಲ್ಲಿ ಆಂಡ್ರೇ ಕೊನೊವಾಲೊವ್ ಅನ್ನೋ ಗೂಗಲ್ ಸಂಶೋಧಕರು ಲಿನಕ್ಸ್ ಕರ್ನಲ್ಲಿನ ಯುಎಸ್‌ಬಿ ಡ್ರೈವರ್‌ಗಳಲ್ಲಿ 14 ದೋಷಗಳ ಪಟ್ಟಿ ಪ್ರಕಟಿಸಿದರು. ಸಿಜ್‌ಕಾಲರ್ ಅನ್ನೋ ಟೂಲಿಂದ ಕರ್ನಲ್ಲಿಗೆ ಸುಳ್ಳು ಡಿವೈಸ್‌ಗಳನ್ನ ತೋರಿಸಿ ಹುಡುಕಿದ್ದವು. ಅವುಗಳಲ್ಲಿ ಹಲವು ಇದೇ ಬಿಟ್ಟ ಮೆಮೊರಿ ಮುಟ್ಟೋ ಜಾತಿಯವು. ಹಾಗಾಗಿ ಲೆಕ್ಚರರ್ ಬಯ್ದರೆ ಸ್ವಲ್ಪ ಸಮಾಧಾನ ಮಾಡ್ಕೊಳ್ಳಬಹುದು.

ವಾಪಸ್ ನಮ್ಮ ಸಂಪಿಗೆ. ಶುಕ್ರವಾರ ಹಬ್ ಸರಿಯಾಗಿ ನೋಡಿತ್ತು, ಕರ್ನಲ್ ಸರಿಯಾಗಿ ಬರೆದಿತ್ತು, ಡ್ರೈವರ್ ಸರಿಯಾಗಿ ಬಿಟ್ಟುಕೊಟ್ಟಿತ್ತು. ಪೈಥಾನಿನ ಸೀರಿಯಲ್ ಲೈಬ್ರರಿ ಕೂಡ "ಡಿವೈಸ್ ಡಿಸ್‌ಕನೆಕ್ಟ್ ಆಗಿರಬಹುದು" ಅಂತ ಎಕ್ಸೆಪ್ಷನ್ ಎಸೆದಿತ್ತು. ಅದನ್ನ ಹಿಡಿದಿದ್ದು ನಾವು ಬರೆದ ಎರಡು ಪದ: ಎಕ್ಸೆಪ್ಟ್, ಪಾಸ್. ಡೆಮೋ ದಿನ ಪ್ರೋಗ್ರಾಂ ಕ್ರ್ಯಾಶ್ ಆಗಬಾರದು ಅಂತ ಹಾಕಿದ್ದು. ಕ್ರ್ಯಾಶ್ ಆಗಲಿಲ್ಲ. ಮೂವತ್ತಾರು ಗಂಟೆ, ಸೆಕೆಂಡಿಗೆ ಸಾವಿರಾರು ಸಲ, ಕರ್ನಲ್ ಹೇಳಿದ್ದನ್ನ ಕೇಳಿಸ್ಕೊಳ್ಳದೆ ಹಳೇ 62ನ್ನೇ ತೋರಿಸ್ತಾ ಕೂತಿತ್ತು. ಜೊತೆಗೆ ಆ ಸತ್ತ ಪೋರ್ಟನ್ನ ಮುಚ್ಚಲೂ ಇಲ್ಲ. ಟಿಟಿವೈಯುಎಸ್‌ಬಿ0 ಕೀ ಇನ್ನೂ ನಮ್ಮ ಕೈಲೇ ಇದ್ದಿದ್ದರಿಂದ ಆಂಟಿ ಮತ್ತೆ ಸಿಕ್ಕಿಸಿದಾಗ ಕರ್ನಲ್ ಹೊಸ ಹೆಸರು, ಟಿಟಿವೈಯುಎಸ್‌ಬಿ1, ಕೊಡಬೇಕಾಯ್ತು. ಬೋರ್ಡಿನ ಲೈಟ್ ಉರೀತಿತ್ತು, ಸೆನ್ಸರ್ ಅಳೀತಿತ್ತು, ಕೇಳೋರು ಇರಲಿಲ್ಲ.

ಬದಲಾಯಿಸಿದ್ದು ಬಹಳ ಇಲ್ಲ. ಎಕ್ಸೆಪ್ಷನ್ ಬಂದರೆ ಪೋರ್ಟ್ ಮುಚ್ಚಿ, ಲಾಗಲ್ಲಿ ಬರೆದು, ಎರಡು ಸೆಕೆಂಡ್ ಕಾದು ಮತ್ತೆ ತೆರೆಯೋ ಪ್ರಯತ್ನ. ತೆರೆಯೋವಾಗ ಟಿಟಿವೈಯುಎಸ್‌ಬಿ ನಂಬರ್ ನಂಬದೆ, ಡೆವ್ ಒಳಗಿನ ಸೀರಿಯಲ್ ಫೋಲ್ಡರಿನ ಬೈ-ಪಾತ್ ಹೆಸರು. ಅಲ್ಲೇ ಬೈ-ಐಡಿ ಅಂತಲೂ ಇದೆ, ಆದರೆ ಸಿಎಚ್340ಗೆ ಸೀರಿಯಲ್ ನಂಬರ್ ಇರಲ್ಲ, ಇಂಥ ಎರಡು ಬೋರ್ಡ್ ಹಾಕಿದರೆ ಎರಡಕ್ಕೂ ಒಂದೇ ಹೆಸರು. ಬೈ-ಪಾತ್ ಆದರೆ ಯಾವ ಸಾಕೆಟ್ ಅಂತ ನೋಡುತ್ತೆ. ಪೋರ್ಟ್ ತೆರೆದಾಗೆಲ್ಲ ಊನೋ ರೀಸೆಟ್ ಆಗುತ್ತೆ, ಹಾಗಾಗಿ ಮೊದಲ ಒಂದೆರಡು ರೀಡಿಂಗ್ ಬಿಸಾಕ್ತೀವಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಅಳತೆಯ ಜೊತೆ ಸಮಯ ಇಟ್ಟೆವು. ಅಳತೆ ಎರಡು ನಿಮಿಷಕ್ಕಿಂತ ಹಳೇದಾದರೆ ಪೇಜಲ್ಲಿ ಪರ್ಸೆಂಟ್ ಅಳಿಸಿ "ಗೊತ್ತಿಲ್ಲ, ಮುಚ್ಚಳ ಎತ್ತಿ ನೋಡಿ" ಅಂತ ಬರುತ್ತೆ.

ಪರೀಕ್ಷೆ ಮಾಡೋಕೆ ಪ್ಲಗ್ಗನ್ನೇ ನೂರು ಸಲ ಕೀಳಬೇಕಿಲ್ಲ, ಸಾಕೆಟ್ ಸವೆಯುತ್ತೆ. ಸಿಸ್‌ಎಫ್‌ಎಸ್‌ನಲ್ಲಿ ಆ ಡಿವೈಸಿನ ಫೋಲ್ಡರ್, ನಮ್ಮದಾದರೆ 1-2, ಒಳಗೆ ಆಥರೈಸ್ಡ್ ಅಂತ ಒಂದು ಫೈಲ್ ಇದೆ. ರೂಟ್ ಆಗಿ ಅದಕ್ಕೆ 0 ಬರೆದರೆ ಡ್ರೈವರಿಗೆ ಡಿವೈಸ್ ಹೋದ ಹಾಗೇ ಅನ್ನಿಸುತ್ತೆ, 1 ಬರೆದರೆ ವಾಪಸ್. ಒಂದು ಚಿಕ್ಕ ಲೂಪ್ ಬರೆದು ಒಂದು ರಾತ್ರಿ ಓಡಿಸಿದೆವು. ಬೆಳಿಗ್ಗೆ ಪ್ರೋಗ್ರಾಂ ಬದುಕಿತ್ತು. ಆದರೂ ಕೈಯಿಂದ ಹತ್ತು ಸಲ ಕಿತ್ತು ನೋಡಿ, ವೈರ್ ಅರ್ಧ ಬಿಟ್ಟಾಗ ಬರೋ -71 ಈ ಫೈಲಿಂದ ಬರಲ್ಲ.

ರಿವ್ಯೂ ದಿನ ಮೇಡಂ ಗ್ರಾಫಲ್ಲಿದ್ದ ಮೂವತ್ತಾರು ಗಂಟೆಯ ಗ್ಯಾಪ್ ತೋರಿಸಿ ಇದೇನು ಅಂದರು. ಹಿಂದಿನ ರಾತ್ರಿ ನಮ್ಮಲ್ಲೊಬ್ಬ, ಎರಡು ತುದಿ ಸೇರಿಸಿ ಗೆರೆ ಎಳೆದುಬಿಡೋಣ ಅಂದಿದ್ದ. ಎಳೀಲಿಲ್ಲ. ಡಿಮೆಸ್ಗ್‌ನ ಮೂರು ಸಾಲು ಪ್ರಿಂಟ್ ತಗೊಂಡು ಹೋಗಿದ್ದೆವು, ಅದನ್ನ ಮುಂದಿಟ್ಟು ನಡೆದಿದ್ದು ಹೇಳಿದೆವು. ಉಳಿದ ಹದಿನೈದು ನಿಮಿಷ ಅವರು ಆ ಗ್ಯಾಪ್ ಬಗ್ಗೆ ಮಾತ್ರ ಕೇಳಿದರು.

ಅಂಕಲ್ ಈಗಲೂ ಪೇಜ್ ನೋಡ್ತಾರೆ. ಆದರೆ ಸಂಜೆ ಮೋಟಾರ್ ಹಾಕೋ ಮುಂಚೆ ಮುಚ್ಚಳ ಎತ್ತಿ ಟಾರ್ಚ್ ಬಿಡೋದನ್ನ ಮತ್ತೆ ಶುರು ಮಾಡಿದ್ದಾರೆ, ನಾವೂ ಬೇಡ ಅಂದಿಲ್ಲ.